ಟಿಣಿಂಗ ಮಿಣಿಂಗಕ್ಕೆ ಕುಣಿದ ಮೇಲೆ

2022ರ ಗಣಪತಿ ಹಬ್ಬ ನಿಮಗೆ ನೆನಪಿರಬೇಕು. ಎರಡು ವರ್ಷ ಕೊರೊನಾ ಅಂತ ನಾಲ್ಕೇ ಜನ ಸೇರಿ, ಮಾಸ್ಕ್ ಹಾಕಿಕೊಂಡು, ಸದ್ದಿಲ್ಲದೆ ಕೆರೆಗೆ ಬಿಟ್ಟು ಬಂದಿದ್ದ ಗಣಪತಿಯನ್ನು ಆ ವರ್ಷ ಊರುಗಳು ಬಡ್ಡಿ ಸಮೇತ ಕುಣಿದು ಕಳಿಸಿದವು. ಹೊನ್ನಾಳಿ ತಾಲ್ಲೂಕಿನ ಹೊಳೆ ದಂಡೆಯ ಒಂದು ಊರಲ್ಲಿ ನಾವು ಆ ರಾತ್ರಿ ಫೋಟೊ ತೆಗೆಯಲು ನಿಂತಿದ್ದೆವು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಆಳೆತ್ತರದ ಬಾಕ್ಸುಗಳು, ಹಿಂದೆ ಇನ್ನೊಂದು ಟ್ರೇಲರ್‌ನಲ್ಲಿ ಜನರೇಟರ್. ಡಿಜೆಯವನು ಯಾವ ಹಾಡು ಹಾಕಿದರೂ ಹುಡುಗರು ಎರಡು ನಿಮಿಷ ಕುಣಿದು ಸುಸ್ತಾಗುತ್ತಿದ್ದರು. ಒಂದು ಹಾಡಿಗೆ ಮಾತ್ರ ಹಾಗಾಗಲಿಲ್ಲ. ಅದು ಮುಗಿದರೆ ಮತ್ತೆ ಅದನ್ನೇ ಹಾಕು ಎಂದು ಬಾಕ್ಸಿಗೆ ಬಡಿದರು. ಮೂರನೇ ಸಲ ಹಾಕಿದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಗಸರೂ ಸೆರಗು ಸಿಕ್ಕಿಸಿ ಇಳಿದರು.

'ಸಲಗ' ಸಿನಿಮಾದ 'ಟಿಣಿಂಗ ಮಿಣಿಂಗ ಟಿಶ್ಯಾ' ಅದು. ಆ ಮೂರು ಪದಕ್ಕೆ ಅರ್ಥ ಏನು ಎಂದು ಆ ರಾತ್ರಿ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಜಗಳೂರು ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಐದನೇ ತರಗತಿಯ ಮಕ್ಕಳದು ಇದೇ ಹಾಡಿಗೆ ಡ್ಯಾನ್ಸ್. ಮಕ್ಕಳ ಮುಖ, ಕೈ, ಕಾಲಿಗೆ ಕಪ್ಪು ಬಣ್ಣ. ತಲೆಗೆ ಗುಂಗುರು ಕೂದಲಿನ ಟೋಪಿ, ಸೊಂಟಕ್ಕೆ ಮಾವಿನ ಸೊಪ್ಪು, ಕೈಯಲ್ಲಿ ಥರ್ಮಾಕೋಲಿನ ಈಟಿ. ಜನ ಶಿಳ್ಳೆ ಹೊಡೆದರು. ನಾವು ಫೋಟೊ ಹೊಡೆದು ಪತ್ರಿಕೆಗೆ ಕಳಿಸಿದೆವು. ಅಡಿಬರಹ ನಮ್ಮದೇ: 'ಆಫ್ರಿಕಾದ ಕಾಡುಜನರ ವೇಷದಲ್ಲಿ ರಂಜಿಸಿದ ಪುಟಾಣಿಗಳು'. ಮಾರನೇ ದಿನ ಅಚ್ಚಾಯಿತು. ಶಾಲೆಯವರು ವಾಟ್ಸಾಪ್‌ನಲ್ಲಿ ಹಂಚಿದರು. ತಾಲ್ಲೂಕು ಮಟ್ಟದ ಸುದ್ದಿಗಾರರಿಗೆ ಅಷ್ಟಾದರೆ ಒಂದು ಒಳ್ಳೆಯ ದಿನ.

ಸಂಜೆ ನ್ಯಾಮತಿ ತಾಲ್ಲೂಕಿನ ಒಂದು ತಾಂಡಾದಿಂದ ಫೋನ್ ಬಂತು. ಅತಿಥಿ ಶಿಕ್ಷಕಿ, ನಮಗೆ ಹಳೆಯ ಪರಿಚಯ. ಬೈಯುತ್ತಾರೆ ಎಂದುಕೊಂಡೆವು, ಬೈಯಲಿಲ್ಲ. 'ಸರ್, ಸಿದ್ದಿ ಜನ ಆಫ್ರಿಕಾದಾಗ ಇಲ್ಲ, ಯಲ್ಲಾಪುರದಾಗ ಅದಾರೆ. ನಮ್ಮ ಹುಡುಗೀರ ಬಟ್ಟೆ ಹಾಕ್ಕೊಂಡು ಬೇರೆ ಮಕ್ಕಳು ಕುಣಿದಾಗ್ಲೂ ನೀವು ಹಿಂಗೇ ಬರ್ದಿದ್ರಿ. ಲಂಬಾಣಿ ವೇಷ ಅಂತ. ನಮ್ಮವ್ವ ದಿನಾ ಹಾಕೋದು ವೇಷ ಏನ್ ಸರ್?' ಅಂದರು. ಆಮೇಲೆ ಮನೆಯವರ ಆರೋಗ್ಯ ವಿಚಾರಿಸಿ ಫೋನ್ ಇಟ್ಟರು.

ಆ ಅಡಿಬರಹವನ್ನು ತಿದ್ದಿ ಎಂದು ನಾವು ಪತ್ರಿಕೆಗೆ ಕೇಳಲಿಲ್ಲ. ಫೋಟೊ ಅಡಿಬರಹಕ್ಕೆ ಯಾರು ತಿದ್ದುಪಡಿ ಹಾಕುತ್ತಾರೆ ಎಂದು ಸುಮ್ಮನಾದೆವು. ಅದಕ್ಕೇ ಈ ಬರಹ ಇಲ್ಲಿ, ತಡವಾಗಿ.

ಮೊದಲು ಹಾಡು ಹೇಗೆ ಆಯಿತು ಎನ್ನುವುದನ್ನು ನೋಡೋಣ, ಅದರಲ್ಲಿ ತಿಳಿಯಬೇಕಾದದ್ದು ಇದೆ. 'ಸಲಗ' ದುನಿಯಾ ವಿಜಯ್ ನಿರ್ದೇಶನದ ಮೊದಲ ಸಿನಿಮಾ. ನಿರ್ಮಾಪಕರು ಕೆ.ಪಿ. ಶ್ರೀಕಾಂತ್, ಸಂಗೀತ ಚರಣ್ ರಾಜ್. ಕೊರೊನಾದಿಂದ ತಡವಾಗಿ 2021ರ ಅಕ್ಟೋಬರ್ 14ರಂದು, ಆಯುಧಪೂಜೆಯ ದಿನ ತೆರೆಗೆ ಬಂತು. ಈ ಹಾಡು ಸಿನಿಮಾಕ್ಕೆ ಪ್ರಚಾರಗೀತೆಯಾಗಿ ಬಿಟ್ಟದ್ದು. ಸಿನಿಮಾ ನೋಡದವರ ಫೋನಿಗೂ ಹಾಡು ಮುಟ್ಟಿತು. ಈಗಲೂ ಕತೆ ಗೊತ್ತಿಲ್ಲದೆ ಹಾಡು ಗೊತ್ತಿರುವ ಜನ ನಮ್ಮೂರುಗಳಲ್ಲಿ ಬೇಕಾದಷ್ಟಿದ್ದಾರೆ.

ಇದನ್ನು ಹಾಡಿದವರಲ್ಲಿ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ಇದ್ದಾರೆ. ಬೆಂಗಳೂರಿನ ಸ್ಟುಡಿಯೊದಲ್ಲಿ ದಿನಕ್ಕೆ ನಾಲ್ಕು ಹಾಡು ಹಾಡಿ ಹೋಗುವ ಗಾಯಕಿಯರನ್ನು ಕರೆಸಿ 'ಸ್ವಲ್ಪ ಕಾಡಿನ ಥರ ಹಾಡಿ' ಎಂದು ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಸಿದ್ದಿ ಕಲಾವಿದರನ್ನೇ ಕರೆತಂದರು. ಅವರ ಕಂಠವನ್ನು ನಯ ಮಾಡಲು ಹೋಗಲಿಲ್ಲ. ಎದೆಯಿಂದ ಬರುವ ಆ ಕೂಗು, ಒಬ್ಬರು ಎಸೆದರೆ ಇನ್ನೊಬ್ಬರು ಹಿಡಿಯುವ ಆ ಓಟ ಹಾಗೇ ಉಳಿಯಿತು. ಬಾಕ್ಸಿನಲ್ಲಿ ಎಷ್ಟು ಬಾಸ್ ಹೆಚ್ಚಿಸಿದರೂ ಆ ಧ್ವನಿ ಮುಳುಗುವುದಿಲ್ಲ. ಹುಡುಗರು ಮೂರು ಸಲ ಹಾಕಿಸಿದ್ದು ಆ ಧ್ವನಿಗೆ ಎಂದು ನಮ್ಮ ನಂಬಿಕೆ, ಬೀಟಿಗಲ್ಲ. ಬೀಟು ಎಲ್ಲ ಹಾಡಿನಲ್ಲೂ ಇರುತ್ತದೆ.

ಚರಣ್ ರಾಜ್ ಈ ದಾರಿ ಹಿಡಿದದ್ದು ಮೊದಲ ಸಲವಲ್ಲ. 2018ರ 'ಟಗರು' ಸಿನಿಮಾದ ಶೀರ್ಷಿಕೆ ಹಾಡನ್ನು ಹಾಡಿದ್ದು ಆಂಟನಿ ದಾಸನ್, ತಮಿಳುನಾಡಿನ ಜಾನಪದ ಗಾಯಕ. ನಮ್ಮ ಕಡೆ ಟಗರು ಕಾಳಗದ ಅಖಾಡದಲ್ಲಿ ಆ ಹಾಡು ಕೇಳದ ವರ್ಷವಿಲ್ಲ. ಅಲ್ಲಿ ಕೂತವರಿಗೆ ಅದು ಒಬ್ಬ ತಮಿಳರ ಕಂಠ ಎಂದು ಹೇಳಿದರೆ 'ಹೌದಾ?' ಎಂದು ಕಣ್ಣರಳಿಸುತ್ತಾರೆ. ಕನ್ನಡದ ಟಗರಿಗೆ ತಮಿಳು ಗಂಟಲು. ಯಾರಿಗೂ ತೊಂದರೆಯಾಗಲಿಲ್ಲ, ಕುಣಿತ ಹೆಚ್ಚಾಯಿತು.

ಇನ್ನು ಸಿದ್ದಿಗಳು. ನಮ್ಮ ಹೊನ್ನಾಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಅವರ ಊರು ಮುಟ್ಟಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲ್ಲೂಕುಗಳಲ್ಲಿ, ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿ ಇದ್ದಾರೆ. ಅವರ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಅರಬ್ಬರು, ಪೋರ್ಚುಗೀಸರು ಹಡಗಿನಲ್ಲಿ ತಂದು ಗುಲಾಮರಾಗಿ ಮಾರಿದ್ದರು. ಗೋವಾದ ಧಣಿಗಳಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇದೆಲ್ಲ ನಡೆದು ನೂರಾರು ವರ್ಷವಾಗಿದೆ. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಮನೆಯಲ್ಲಿ ಕೊಂಕಣಿಯೋ ಮರಾಠಿಯೋ ಉರ್ದುವೋ, ಹೊರಗೆ ಕನ್ನಡ. ಕೆಲವರ ಮನೆಯಲ್ಲಿ ಕನ್ನಡವೇ. ಅಡಿಕೆ ತೋಟದಲ್ಲಿ ಕೂಲಿ ಮಾಡುತ್ತಾರೆ. ಚನ್ನಗಿರಿಯ ಓದುಗರಿಗೆ ಅಡಿಕೆ ತೋಟದ ಕೂಲಿ ಎಂದರೆ ಏನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟೆಲ್ಲ ಆದರೂ ಬಸ್ಸಿನಲ್ಲಿ ಪಕ್ಕ ಕೂತವರು ಇಂಗ್ಲಿಷಿನಲ್ಲಿ 'ಯಾವ ದೇಶ?' ಎಂದು ಕೇಳುವುದು, ಅವರು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆಚ್ಚಿ ನೋಡುವುದು ನಿಂತಿಲ್ಲ.

ಅವರ ಹಾಡು ಕುಣಿತ ಸಿನಿಮಾದಿಂದ ಶುರುವಾದದ್ದಲ್ಲ. ಡಮಾಮಿ ಎಂಬ ಚರ್ಮವಾದ್ಯ ಇದೆ. ಅದನ್ನು ಬಡಿಯುತ್ತ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಹೆಂಗಸರ ಪುಗಡಿ ಇದೆ. ಹೆಗ್ಗೋಡಿನ ನೀನಾಸಂ 1980ರ ದಶಕದಲ್ಲೇ ಮಂಚೀಕೇರಿ ಕಡೆಯ ಸಿದ್ದಿಗಳ ಜೊತೆ ನಾಟಕ ಮಾಡಿತ್ತು. ಆ ದಾರಿಯಲ್ಲೇ ಮುಂದೆ ಪ್ರಶಾಂತ್ ಸಿದ್ದಿಯಂಥ ನಟರು ಸಿನಿಮಾಕ್ಕೆ ಬಂದರು. ಒಂದು ಪ್ರಚಾರಗೀತೆಯ ನಾಲ್ಕು ನಿಮಿಷದ ಹಿಂದೆ ಹೀಗೆ ನಾಲ್ಕು ದಶಕದ ರಂಗದ ಕೆಲಸ, ಅದರ ಹಿಂದೆ ನೂರಾರು ವರ್ಷದ ಬಡಿತ ಇದೆ. ಡಿಜೆ ಬಾಕ್ಸಿನಲ್ಲಿ ಅದು ಕೇಳಿಸುವುದಿಲ್ಲ, ಕೇಳಿಸಬೇಕು ಎಂದು ನಾವು ಹಟ ಹಿಡಿಯುವುದೂ ಇಲ್ಲ. ಕುಣಿಯುವವರು ಚರಿತ್ರೆ ಓದಿ ಬಂದು ಕುಣಿಯಬೇಕು ಎಂದರೆ ಯಾವ ಮೆರವಣಿಗೆಯೂ ಹೊಳೆ ಮುಟ್ಟುವುದಿಲ್ಲ.

ಆದರೆ ಮಕ್ಕಳ ಮುಖಕ್ಕೆ ಮಸಿ ಬಳಿಯುವ ಮೊದಲು ಒಂದು ಸಲ ವಿಡಿಯೋ ಪೂರ್ತಿ ನೋಡಬಹುದಿತ್ತಲ್ಲ? ಅದರಲ್ಲಿ ಹಾಡಿದವರ ಮುಖಗಳೇ ಇವೆ. ಈಟಿ ಹಿಡಿದ ಕಾಡುಮನುಷ್ಯ ಎಲ್ಲಿಂದ ಬಂದ? ಅವನು ಹಾಡಿನಿಂದ ಬರಲಿಲ್ಲ. ನಮ್ಮ ತಲೆಯಲ್ಲಿ ಮೊದಲೇ ಇದ್ದ. ಶಾಲೆಯವರದು ಬಣ್ಣದ ತಪ್ಪು, ನಮ್ಮದು ಅಕ್ಷರದ ತಪ್ಪು. ಬಣ್ಣ ತೊಳೆದರೆ ಹೋಯಿತು.

ಹೀಗೆ ಒಂದು ಕಡೆಯ ಹಾಡು ಇನ್ನೊಂದು ಕಡೆ ಹೋಗಿ ಮೆರೆಯುವುದು ಇವತ್ತಿನ ಸಂಗತಿಯಲ್ಲ. 1989ರಲ್ಲಿ 'ಲಂಬಾಡಾ' ಎಂಬ ಹಾಡು ಯುರೋಪನ್ನೆಲ್ಲ ಕುಣಿಸಿತು. (ಆ ಹೆಸರಿಗೂ ನಮ್ಮ ಲಂಬಾಣಿಗಳಿಗೂ ಸಂಬಂಧವಿಲ್ಲ. ಅದು ಬ್ರೆಜಿಲ್‌ನ ಪೋರ್ಚುಗೀಸ್ ಪದ. ಆದರೂ ನ್ಯಾಮತಿಯಲ್ಲಿ ಕೂತು ಈ ಹೆಸರು ಕೇಳಿದರೆ ಕಿವಿ ನಿಮಿರದೆ ಇರುತ್ತದೆಯೇ?) ಹೊರತಂದದ್ದು ಫ್ರಾನ್ಸಿನಲ್ಲಿ ಕಟ್ಟಿದ 'ಕಯೋಮಾ' ಎಂಬ ತಂಡ. ಹಾಡಿದ್ದು ಬ್ರೆಜಿಲ್‌ನ ಲೋಲ್ವಾ ಬ್ರಾಜ್. ಹಾಡು ಲಕ್ಷಗಟ್ಟಲೆ ಖರ್ಚಾಯಿತು. ಆದರೆ ಆ ರಾಗ ಬೊಲಿವಿಯಾ ಎಂಬ ಬಡ ಗುಡ್ಡಗಾಡು ದೇಶದ 'ಲೋಸ್ ಕಾರ್ಕಾಸ್' ತಂಡದ ಹರ್ಮೋಸಾ ಸಹೋದರರದು. 1981ರಲ್ಲೇ ಅವರು ಅದನ್ನು ಹಾಡಿದ್ದರು, ಅದೂ ಅಳುವ ಹಾಡಾಗಿ. ಕಯೋಮಾದ ರೆಕಾರ್ಡಿನ ಮೇಲೆ ಅವರ ಹೆಸರೇ ಇರಲಿಲ್ಲ. ಅವರು ಕೋರ್ಟಿಗೆ ಹೋದರು, ಹಕ್ಕು ಅವರದೇ ಎಂದಾಯಿತು. ಹೋಗದಿದ್ದರೆ ಇವತ್ತಿಗೂ ಲೋಕಕ್ಕೆ ಅದು ಪ್ಯಾರಿಸ್‌ನ ಹಾಡು. ಅದೇ ರಾಗ 1990ರಲ್ಲಿ ಹಿಂದಿಯ 'ಘಾಯಲ್' ಸಿನಿಮಾಕ್ಕೂ ಬಂತು. ನಮ್ಮ ಚಿತ್ರಮಂದಿರಗಳಲ್ಲಿ ಅದಕ್ಕೆ ಶಿಳ್ಳೆ ಹೊಡೆದ ಹಿರಿಯರಿಗೆ ಬೊಲಿವಿಯಾ ಎಲ್ಲಿದೆ ಎಂದು ಹೇಳಿದವರು ಯಾರು?

ಬೊಲಿವಿಯಾದವರಿಗೆ ಒಂದು ಅನುಕೂಲವಿತ್ತು. ಹಾಡು ಕಟ್ಟಿದವರ ಹೆಸರು ಇತ್ತು, ಹಳೆಯ ರೆಕಾರ್ಡು ಇತ್ತು. ನಮ್ಮ ಹಾಡುಗಳ ವಿಷಯ ಬಿಗಿಯಾಗುವುದು ಇಲ್ಲೇ. ಯೂಟ್ಯೂಬ್‌ನಲ್ಲಿ ಯಾವುದೇ ಜಾನಪದ ಡಿಜೆ ಹಾಡಿನ ಕೆಳಗೆ ನೋಡಿ. ಸಂಗೀತ ಇಂಥವರು, ಗಾಯನ ಇಂಥವರು, ಎಡಿಟಿಂಗ್ ಇಂಥವರು, ಪೋಸ್ಟರ್ ಡಿಸೈನ್ ಇಂಥವರು, ಊಟ ವಸತಿಯವರಿಗೂ ಧನ್ಯವಾದ. ಸಾಹಿತ್ಯ ಎಂಬಲ್ಲಿ ಮಾತ್ರ: 'ಜನಪದ'. ಈ ಜನಪದ ಯಾರು, ಯಾವ ಊರು, ಫೋನ್ ನಂಬರ್ ಏನು?

ಚನ್ನಗಿರಿ ತಾಲ್ಲೂಕಿನ ಒಂದು ಊರಲ್ಲಿ ಆ ಜನಪದವನ್ನು ನಾವು ಭೇಟಿಯಾಗಿದ್ದೇವೆ. ಎಪ್ಪತ್ತು ದಾಟಿದ ಅಜ್ಜಿ. ಸೋಬಾನೆ ಹೇಳುತ್ತಾರೆ, ಸುತ್ತಲಿನ ಹಳ್ಳಿಗಳ ಮದುವೆಗೆ ಹೋಗುತ್ತಾರೆ. ಅಜ್ಜಿಯ ಒಂದು ಹಾಡನ್ನು ಮೊಮ್ಮಗನ ಗೆಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದ. ಅದಕ್ಕೆ ಬೀಟು ಸೇರಿಸಿ, ಯಾವುದೋ ಸಿನಿಮಾ ನಟಿಯ ಫೋಟೊ ಹಾಕಿ ಯೂಟ್ಯೂಬಿಗೆ ಬಿಟ್ಟ. ಹಾಡು ಓಡಿತು. ಹೋರಿ ಹಬ್ಬದ ರೀಲ್ಸ್‌ಗಳಿಗೂ ಅದೇ. ನಾವು ಮನೆಗೆ ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಮೊಮ್ಮಗ ಫೋನ್ ಹಿಡಿದು ಕೇಳಿಸಿದ.

ದುಡ್ಡಿನ ಮಾತು ಬರುತ್ತದೆ ಎಂದು ಕಾಯುತ್ತಿದ್ದೆವು. ಸುದ್ದಿಗೆ ಅದು ಬೇಕಾಗಿತ್ತು. ಅಜ್ಜಿ ಪೂರ್ತಿ ಕೇಳಿ ನಕ್ಕರು. 'ನನ್ ಧ್ವನಿ ಚಲೋ ಬಂದೈತೆ' ಅಂದರು. ಆಮೇಲೆ, 'ಇಲ್ಲಿ ನಿಲ್ಸು, ಹಿಂದಕ್ ಹೋಗು' ಅಂದರು. ಮೊಮ್ಮಗ ಹಿಂದಕ್ಕೆ ಎಳೆದ. 'ಇಲ್ಲಿ ಮದುಮಗಳ ಹೆಸರು ಬರ್ಬೇಕಪ್ಪ. ಯಾರ ಮದುವೆಯೋ ಅವರ ಹೆಸರು, ಅವರ ತಾಯಿ ಹೆಸರು. ನಾನು ಹೇಳಿದ್ದೆ. ಅದನ್ ಕಿತ್ತು ಡಬ್ ಡಬ್ ಅಂತ ಹೊಡ್ದಾನಲ್ಲ?'

ಸೋಬಾನೆ ಕೇಳಿದವರಿಗೆ ಗೊತ್ತು, ಆ ಹೆಸರು ಬರುವ ಜಾಗದಲ್ಲೇ ಮದುವೆಮನೆ ಮೌನವಾಗುವುದು. ಹೆತ್ತವಳ ಕಣ್ಣು ತುಂಬುವುದು ಅಲ್ಲಿ. ಹುಡುಗ ಅದನ್ನು ಕೆಟ್ಟ ಮನಸ್ಸಿನಿಂದ ಕತ್ತರಿಸಿರಲಾರ. ಯಾರದೋ ಮದುಮಗಳ ಹೆಸರು ಇಟ್ಟುಕೊಂಡರೆ ಎಲ್ಲರ ರೀಲ್ಸ್‌ಗೆ ಹೊಂದುವುದಿಲ್ಲ. ಎಲ್ಲರಿಗೂ ಹೊಂದಬೇಕಾದರೆ ಒಬ್ಬರ ಹೆಸರು ಹೋಗಬೇಕು. ಮೊದಲು ಮದುಮಗಳ ಹೆಸರು ಹೋಯಿತು, ಆಮೇಲೆ ಅಜ್ಜಿಯ ಹೆಸರು ಹೋಯಿತು, ಉಳಿದದ್ದು 'ಜನಪದ'.

ಇದನ್ನೇ 2020ರಲ್ಲಿ ದೊಡ್ಡ ಮಟ್ಟದಲ್ಲಿ ನೋಡಿದೆವು. ಗೌರಿ ಗಣೇಶ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ 'ಕೋಲುಮಂಡೆ' ಹಾಡನ್ನು ರ್‍ಯಾಪ್ ಸೇರಿಸಿ ತಂದರು. ಅದು ಮಲೆ ಮಹದೇಶ್ವರನ ಪರಂಪರೆಯ ಹಾಡು. ಕಂಸಾಳೆಯವರು, ದೇವರಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದದ್ದು. ಹಾಡು ಮೊದಲ ದಿನಗಳಲ್ಲೇ ಓಡಿತು. ಆದರೆ ಶರಣೆ ಸಂಕಮ್ಮನನ್ನು ವಿಡಿಯೋದಲ್ಲಿ ತೋರಿಸಿದ ರೀತಿಗೆ ಮಹದೇಶ್ವರನ ಭಕ್ತರು ಸಿಟ್ಟಾದರು. ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೋವನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು.

ಆಗ ನಮ್ಮ ಗುಂಪಿನಲ್ಲೇ ಎರಡು ಪಕ್ಷವಾಗಿತ್ತು. ಹಳೆಯ ಹಾಡು ಹೊಸ ಹುಡುಗರಿಗೆ ಮುಟ್ಟಿದರೆ ತಪ್ಪೇನು ಎಂದು ಕೆಲವರು. ದೇವರ ಹಾಡನ್ನು ಪಬ್ಬಿಗೆ ಎಳೆಯುತ್ತಾರೆ ಎಂದು ಕೆಲವರು. ಈಗ ಎರಡು ಹಾಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಪಕ್ಷ ಗುರಿ ತಪ್ಪಿತ್ತು ಅನಿಸುತ್ತದೆ. ಬೀಟು ಸೇರಿದ್ದರಿಂದ ಹಾಡು ಕೆಡುವುದಿಲ್ಲ. 'ಟಿಣಿಂಗ ಮಿಣಿಂಗ'ಕ್ಕೂ ಬೀಟು ಸೇರಿದೆ, ಅಲ್ಲೂ ನಾಯಕ ನಾಯಕಿ ಇದ್ದಾರೆ, ಅದೂ ದುಡ್ಡು ಮಾಡಲೆಂದೇ ಬಂದ ಹಾಡು. ಆದರೆ ಅಲ್ಲಿ ಸಿದ್ದಿಗಳು ಕೋಣೆಯ ಒಳಗಿದ್ದರು, ಮೈಕಿನ ಮುಂದಿದ್ದರು, ಹಾಡಿದವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಸಂಕಮ್ಮನನ್ನು ಹೀಗೆ ತೋರಿಸಬೇಡಿ ಎಂದು ಹೇಳಬಲ್ಲ ಒಬ್ಬ ಕಂಸಾಳೆಯವರು ಚಿತ್ರೀಕರಣದ ಜಾಗದಲ್ಲಿ ಇದ್ದಿದ್ದರೆ? ಅವರೂ ಹಾಡಿಗೆ ನಾಲ್ಕು ಸಾಲು ದನಿ ಕೊಟ್ಟಿದ್ದರೆ? ಹಾಡು ಇವತ್ತಿಗೂ ಮೆರವಣಿಗೆಯಲ್ಲಿ ಇರುತ್ತಿತ್ತು ಎಂದೇ ನಮ್ಮ ಲೆಕ್ಕ.

ಕಾನೂನು ಏನು ಹೇಳುತ್ತದೆ ಎಂದು ಹಾಡುವವರು ನಮ್ಮನ್ನು ಕೇಳುತ್ತಿರುತ್ತಾರೆ. ಸುಲಭವಾಗಿ ಹೇಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಟ್ಟಿದವರು ಯಾರೆಂದು ತಿಳಿಯದ ಹಳೆಯ ಹಾಡಿಗೆ ಒಡೆಯರಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ರೆಕಾರ್ಡ್ ಮಾಡಿಸಿದವರಿಗೆ ಆ ರೆಕಾರ್ಡಿನ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಡು ಊರಿನದು, ರೆಕಾರ್ಡು ಕಂಪನಿಯದು. ಹಾಡಿದವರಿಗೂ ಹಕ್ಕಿದೆ: ಒಪ್ಪಿಗೆ ಇಲ್ಲದೆ ಅವರ ಹಾಡುಗಾರಿಕೆಯನ್ನು ರೆಕಾರ್ಡ್ ಮಾಡಿ ಮಾರುವಂತಿಲ್ಲ. 2012ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಹಾಡಿದವರು ಇವರು ಎಂದು ಹೆಸರಿಸಿ ಎಂದು ಕೇಳುವ ಹಕ್ಕು. ಅಂದರೆ ಅಜ್ಜಿಯ ಹೆಸರು ಹಾಕುವುದು ಮೊಮ್ಮಗನ ಗೆಳೆಯ ತೋರುವ ದೊಡ್ಡಸ್ತಿಕೆಯಲ್ಲ.

ಇನ್ನೂ ಒಂದು ವಿಚಿತ್ರವಿದೆ. ಯೂಟ್ಯೂಬ್‌ನಲ್ಲಿ ದೊಡ್ಡ ಕಂಪನಿಗಳ ರೆಕಾರ್ಡುಗಳ ಗುರುತನ್ನು ಯಂತ್ರವೇ ಹಿಡಿಯುತ್ತದೆ. ಮುಂದೆ ಯಾರಾದರೂ ಹಾಕುವ ಹಾಡು ಅದಕ್ಕೆ ಹೋಲಿದರೆ ಯಂತ್ರ ಕ್ಲೇಮ್ ಹಾಕುತ್ತದೆ. ಆಮೇಲೆ ಜಾಹೀರಾತಿನ ದುಡ್ಡು ಕಂಪನಿಗೆ ಹೋಗಬಹುದು. ಹೀಗಾಗಿ ಊರಿನ ಭಜನೆ ತಂಡದವರು ತಮ್ಮ ಅಜ್ಜಂದಿರಿಂದ ಬಂದ ಹಾಡನ್ನು ತಾವೇ ಹಾಡಿ ಹಾಕಿದರೂ 'ಇದು ಇಂಥವರ ಹಾಡು' ಎಂಬ ನೋಟಿಸ್ ಬರುವ ಸಾಧ್ಯತೆ ಇದೆ. ಅಂಥದ್ದು ಬಂದರೆ ಹೆದರಿ ಡಿಲೀಟ್ ಮಾಡಬೇಡಿ. ಅಲ್ಲೇ ತಕರಾರು ಸಲ್ಲಿಸುವ ಗುಂಡಿ ಇದೆ. ನೀವೇ ಹಾಡಿದ್ದು, ಹಳೆಯ ಜಾನಪದ ಹಾಡು ಎಂದು ಬರೆಯಿರಿ.

ಡಿಜೆ ಬಗ್ಗೆ ಒಂದು ಮಾತು. ಡಿಜೆ ಬೇಕೋ ಬೇಡವೋ ಎಂಬ ಜಗಳ ಗಣಪತಿ ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಏಳುತ್ತದೆ. ಅಧಿಕಾರಿಗಳು ಡೆಸಿಬೆಲ್ ಎನ್ನುತ್ತಾರೆ, ಹುಡುಗರು ಸಂಪ್ರದಾಯ ಎನ್ನುತ್ತಾರೆ. ಎದೆ ಅದುರುವ ಸದ್ದಿನ ವಿರುದ್ಧ ನಾವೂ ಬರೆದಿದ್ದೇವೆ. ಆದರೆ ನಮಗೆ ಬೇರೆ ಸಂಕಟವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಕಣ್ಣು ಮುಚ್ಚಿ ಕೇಳಿದರೂ ಯಾವ ತಾಲ್ಲೂಕು ಎಂದು ತಿಳಿಯುತ್ತಿತ್ತು. ಜಗಳೂರಿನ ಕಡೆ ಉರುಮೆ, ಹೊನ್ನಾಳಿಯ ಕಡೆ ಡೊಳ್ಳು, ತಾಂಡಾಗಳಲ್ಲಿ ನಗಾರಿ, ದೀಪಾವಳಿಯಲ್ಲಿ ಮನೆಮನೆಗೆ ಹೋಗಿ ಮೇರಾ ಕೇಳುವ ಹುಡುಗಿಯರ ದನಿ. ಈಗ ನಾಲ್ಕು ತಾಲ್ಲೂಕಿಗೂ ಒಂದೇ ಬಾಕ್ಸು, ಒಂದೇ ಪೆನ್‌ಡ್ರೈವ್. ಅಂಥ ಪೆನ್‌ಡ್ರೈವ್ ಒಳಗೂ ಸಿದ್ದಿ ಹೆಂಗಸರ ದನಿ ದನಿಯಾಗಿಯೇ ಉಳಿಯಿತಲ್ಲ, ಅದಕ್ಕೇ ಆ ಹಾಡಿನ ಮೇಲೆ ನಮಗೆ ಇಷ್ಟು ಪ್ರೀತಿ. ಉರುಮೆಯವರನ್ನೂ ಯಾರಾದರೂ ಹಾಗೆ ಸ್ಟುಡಿಯೊಗೆ ಕರೆದೊಯ್ದು, ಅವರಂತೆಯೇ ಬಡಿಯಲು ಬಿಟ್ಟರೆ ಡಿಜೆ ಬಾಕ್ಸಿನಲ್ಲಿ ಹಾಕಿದರೂ ನಮ್ಮ ತಕರಾರಿಲ್ಲ.

ತಾಂಡಾದ ಶಿಕ್ಷಕಿಯ ಮಾತಿಗೆ ಮತ್ತೆ ಬರುತ್ತೇವೆ, ಅದು ಇನ್ನೂ ಚುಚ್ಚುತ್ತಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರುವರಿಯಲ್ಲಿ ಜಯಂತಿಗೆ ಹೊರರಾಜ್ಯಗಳಿಂದಲೂ ಜನ ಬರುತ್ತಾರೆ. ಅಲ್ಲಿ ಫೇಟ್ಯಾ, ಕಾಂಚಳಿ ತೊಟ್ಟ ಸಾವಿರಾರು ಹೆಂಗಸರು ಇರುತ್ತಾರೆ, ಯಾರೂ ಅದನ್ನು ವೇಷ ಎನ್ನುವುದಿಲ್ಲ. ಅದೇ ಬಟ್ಟೆಯ ಅಗ್ಗದ ನಕಲು ಪೇಟೆಯ ಡ್ರೆಸ್ ಅಂಗಡಿಯಲ್ಲಿ ದಿನಬಾಡಿಗೆಗೆ ಸಿಗುತ್ತದೆ, ಯಕ್ಷಗಾನದ ಕಿರೀಟ ಮತ್ತು ಹನುಮಂತನ ಗದೆಯ ಪಕ್ಕದಲ್ಲಿ. ಶಾಲೆ, ಕಾಲೇಜು, ಸರ್ಕಾರಿ ಉತ್ಸವ ಎಲ್ಲಕ್ಕೂ 'ಲಂಬಾಣಿ ನೃತ್ಯ' ಬೇಕು. ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೊರಟ ತಾಯಿಯ ಜೊತೆ ಶಾಲೆ ಬಿಟ್ಟು ಹೋಗುವ ಲಂಬಾಣಿ ಹುಡುಗಿ ಮಾತ್ರ ಆ ನೃತ್ಯದ ಸಾಲಿನಲ್ಲಿ ಇರುವುದಿಲ್ಲ. ವಾರ್ಷಿಕೋತ್ಸವ ನಡೆಯುವ ತಿಂಗಳುಗಳಲ್ಲಿ ಅವಳು ಮಂಡ್ಯದ ಕಡೆ ಕಬ್ಬಿನ ಗದ್ದೆಯಲ್ಲಿರುತ್ತಾಳೆ.

ಇದನ್ನು ನಾವು ಹತ್ತು ವರ್ಷದಿಂದ ನೋಡುತ್ತಿದ್ದೇವೆ, ಗುಳೆಯ ಸುದ್ದಿ ಬರೆದಿದ್ದೇವೆ, ವಾರ್ಷಿಕೋತ್ಸವದ ಸುದ್ದಿಯನ್ನೂ ಬರೆದಿದ್ದೇವೆ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಿರಲಿಲ್ಲ.

ಈ ವರ್ಷ ಜಗಳೂರು ಕಡೆಯ ಅದೇ ಶಾಲೆಯ ಮೇಷ್ಟ್ರು ಫೋನ್ ಮಾಡಿದ್ದರು. ಆ ಹಾಡು ಮತ್ತೆ ಇಟ್ಟುಕೊಂಡಿದ್ದೇವೆ ಎಂದರು. ನಾವು ಹಳೆಯ ಫೋಟೊದ ಮಾತು ತೆಗೆದೆವು. ಒಂದು ಗಳಿಗೆ ಸುಮ್ಮನಿದ್ದು, 'ಹಂಗಾದ್ರೆ ಏನ್ ಡ್ರೆಸ್ ಹಾಕ್ಸೋದು ಸರ್?' ಎಂದು ಕೇಳಿದರು. ಪ್ರಾಮಾಣಿಕ ಪ್ರಶ್ನೆ. ಸಿದ್ದಿ ಹೆಂಗಸರ ಡಮಾಮಿ ಕುಣಿತದ ಒಂದೆರಡು ವಿಡಿಯೋ ಕಳಿಸಿದೆವು. ಸೀರೆ ಉಟ್ಟಿದ್ದಾರೆ, ನಿಮ್ಮ ಮಕ್ಕಳ ಅಜ್ಜಿಯರ ಹಾಗೆಯೇ, ಮುಖಕ್ಕೆ ಏನೂ ಬಳಿಯಬೇಕಾಗಿಲ್ಲ ಎಂದೆವು. ಸ್ಟೇಜ್ ಮೇಲೆ ಹಾಡಿನ ಹೆಸರು ಹೇಳುವಾಗ ಹಾಡಿದವರ ಹೆಸರೂ ಹೇಳಿಸಿ ಎಂದೆವು. ಆಯ್ತು ಎಂದಿದ್ದಾರೆ. ನಾವು ಹೋಗಿ ನೋಡಿ ಬರುತ್ತೇವೆ, ಈ ಸಲ ಅಡಿಬರಹವನ್ನು ಎರಡು ಸಲ ಓದಿ ಕಳಿಸುತ್ತೇವೆ.

ಚನ್ನಗಿರಿಯ ಅಜ್ಜಿಯ ಹಾಡಿನ ಕೆಳಗೂ ಈಗ ಬದಲಾವಣೆಯಾಗಿದೆ. ಮೊಮ್ಮಗ ಗೆಳೆಯನ ಹತ್ತಿರ ಜಗಳವಾಡಿ 'ಜನಪದ' ತೆಗೆಸಿ ಅಜ್ಜಿಯ ಹೆಸರು ಹಾಕಿಸಿದ್ದಾನೆ. ಸ್ಕ್ರೀನ್‌ಶಾಟ್ ನಮಗೆ ಕಳಿಸಿದ. ಹೆಸರು ಸರಿಯಿದೆ, ಊರಿನ ಹೆಸರು ತಪ್ಪಾಗಿದೆ. ಅಜ್ಜಿ ಹುಟ್ಟಿದ ಊರು ಹಾಕುವ ಬದಲು ಕೊಟ್ಟ ಊರು ಹಾಕಿದ್ದಾರೆ. ಹಾಡು ಕಲಿತದ್ದು ಅವ್ವನ ಹತ್ತಿರ, ತವರಿನಲ್ಲಿ, ಹಾಗಾಗಿ ತವರೂರ ಹೆಸರೇ ಬರಬೇಕು ಎಂದು ಅಜ್ಜಿ ಹಟ ಹಿಡಿದಿದ್ದಾರಂತೆ. ಗೆಳೆಯನ ಫೋನ್ ಸ್ವಿಚ್ ಆಫ್ ಬರುತ್ತಿದೆ.